ವ ಅಂದ್ರೆ ವಚನ, ಭೂ ಅಂದ್ರೆ ನಕ್ಷೆ

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಅಂಗಡಿಯಿಂದ 500 ಕಾರ್ಡು ತಪ್ಪು ಅಚ್ಚಾಗಿ ಹೋದವು. ತಪ್ಪು ನನ್ನದೇ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಕರೆಂಟ್ ಹೋದರೆ ನಾಲ್ಕೇ ನಿಮಿಷ ಉಸಿರು ಹಿಡಿಯುವ ಒಂದು ಯುಪಿಎಸ್. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯಕ್ರಮದ ಕಾರ್ಡು, ಅರ್ಜಿ, ಕಾಲೇಜು ಹುಡುಗರ ಪ್ರಾಜೆಕ್ಟು, ಏನು ಬಂದರೂ ಮಾಡುತ್ತೇನೆ. ಅವತ್ತು ಬಂದದ್ದು ಶಿವಗಣಾರಾಧನೆಯ ಕಾರ್ಡು.

ಮೇಲ್ಗಡೆ ಒಂದು ವಚನ ಹಾಕಬೇಕು ಅಂದಿದ್ದರು. ತೀರಿಕೊಂಡ ಅಜ್ಜ ದಿನಾ ಹೇಳುತ್ತಿದ್ದ ವಚನವಂತೆ. ಮೊಮ್ಮಗನಿಗೆ ಮೊದಲ ಸಾಲು ಮಾತ್ರ ನೆನಪಿತ್ತು. ಅದನ್ನು ಚೀಟಿಯಲ್ಲಿ ಬರೆದು, 'ಉಳಿದದ್ದು ನೀವೇ ನೆಟ್ಟಿನಾಗ ನೋಡ್ರಿ ಅಕ್ಕಾ' ಅಂದು ಹೋದ. ನೋಡಿದೆ. ಎಲ್ಲರೂ ಹುಡುಕುವ ಹಾಗೇ ಹುಡುಕಿದೆ. ಮೊದಲು ಬಂದದ್ದು ಒಂದು ಚಿತ್ರ. ಕೇಸರಿ ಬಣ್ಣ, ಹೂವಿನ ಅಂಚು, ಪೂರ್ತಿ ವಚನ, ಕೆಳಗೆ ಬಸವಣ್ಣನವರ ಹೆಸರು. ನಾನೂ ಬಸವಣ್ಣನವರ ಹೆಸರೇ ಹಾಕಿದೆ. ಪ್ರೂಫ್ ತೋರಿಸಿದಾಗ ಮನೆಯವರು ತಾರೀಖು ನೋಡಿದರು, ಬಂಧುಗಳ ಹೆಸರು ಎರಡೆರಡು ಸಲ ಎಣಿಸಿದರು, ಸರಿ ಅಂದರು. ವಚನವನ್ನು ಯಾರು ಓದುತ್ತಾರೆ?

ಒಬ್ಬರು ಓದಿದರು. ಆ ಮನೆಯ ದೂರದ ನೆಂಟರು, ನಿವೃತ್ತ ಕನ್ನಡ ಮಾಸ್ತರು. ಮಟಮಟ ಮಧ್ಯಾಹ್ನ ಕಾರ್ಡು ಹಿಡಿದುಕೊಂಡು ಅಂಗಡಿಗೇ ಬಂದರು. ಸಿಟ್ಟೇನೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಪಾಠ ಶುರು ಮಾಡಿದರು.

'ಯವ್ವಾ, ಇದರ ಕೊನೀ ಸಾಲು ಓದು.'

ಓದಿದೆ. ರಾಮನಾಥ ಅಂತ ಮುಗಿಯುತ್ತಿತ್ತು.

'ಅದರ ಕೆಳಗ ಏನದ?'

'ಬಸವಣ್ಣ ಅಂತ ಅದರಿ.'

'ಬಸವಣ್ಣನ ಅಂಕಿತ ಏನು?'

ಕೂಡಲಸಂಗಮದೇವ. ಇದು ಸಣ್ಣ ಮಕ್ಕಳಿಗೂ ಗೊತ್ತು. ನನಗೆ ಅಷ್ಟೊತ್ತಿಗಾಗಲೇ ಬೆವರು ಬಂದಿತ್ತು.

'ಹಂಗಾದ್ರ ರಾಮನಾಥ ಯಾರದು? ಜೇಡರ ದಾಸಿಮಯ್ಯಂದು. ಮುದನೂರಿನವ. ಇಲ್ಲೇ ನಮ್ಮ ಯಾದಗಿರಿ ಜಿಲ್ಲಾ. ನಮ್ಮ ಮಗ್ಗಲ ಊರಾವನ ವಚನ ನಾವೇ ಬ್ಯಾರೆಯವರ ಹೆಸರಿಗಿ ಹಾಕಿದ್ರ ಹೆಂಗ?'

ಹಂಚಲು ಉಳಿದಿದ್ದ ಮುನ್ನೂರು ಚಿಲ್ಲರೆ ಕಾರ್ಡಿಗೆ ಆ ರಾತ್ರಿ ಕೂತು ಸಣ್ಣ ಚೀಟಿ ಅಂಟಿಸಿದೆ. ಹನ್ನೆರಡು ಗಂಟೆಯ ತನಕ ದಾಸಿಮಯ್ಯನ ಹೆಸರು ಕತ್ತರಿಸಿ ಅಂಟಿಸಿದರೆ ಅದು ಜನ್ಮದಲ್ಲಿ ಮರೆಯೋದಿಲ್ಲ.

ಗೋಂದು ಹಚ್ಚುತ್ತಾ ಯೋಚಿಸಿದೆ. ಹುಡುಕುವ ಯಂತ್ರ ಸುಳ್ಳು ಹೇಳಿರಲಿಲ್ಲ. ಹೆಚ್ಚು ಜನ ನೋಡಿದ್ದನ್ನು, ಹಂಚಿದ್ದನ್ನು ಮುಂದೆ ಇಟ್ಟಿತ್ತು, ಅಷ್ಟೇ. ನಾನು ಕೇಳಿದ ಜಾಗವೇ ಸರಿಯಿರಲಿಲ್ಲ. ನಮ್ಮಪ್ಪ ತೊಗರಿ ಧಾರಣೆ ಕೇಳಲು ನೆಹರು ಗಂಜ್ ಎಂಬ ನಮ್ಮೂರ ಕಾಳಿನ ಮಾರುಕಟ್ಟೆಗೆ ಹೋಗುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದರೂ ಯಾರೋ ಒಂದು ರೇಟು ಹೇಳುತ್ತಿದ್ದರು, ಬಾಯಿ ಇದ್ದವರು ಎಲ್ಲಾ ಕಡೆ ಇರುತ್ತಾರೆ. ಆದರೂ ಅಪ್ಪ ಬಿಸಿಲಲ್ಲಿ ಗಂಜಿಗೇ ಹೋಗುತ್ತಿದ್ದರು. ಅವರ ಮಗಳಾದ ನಾನು ವಚನವನ್ನೂ ಪಿನ್‌ಕೋಡನ್ನೂ ಹಳ್ಳಿಯ ದಾರಿಯನ್ನೂ ಬಸ್ ಸ್ಟ್ಯಾಂಡಿನಲ್ಲೇ ನಿಂತು ಕೇಳುತ್ತಿದ್ದೆ.

ವಚನಗಳಿಗೆ ಬೇರೆಯೇ ಗಂಜು ಇದೆ ಅಂತ ತೋರಿಸಿದ್ದು ಮಾಸ್ತರೇ. ವಚನ ಸಂಚಯ ಅಂತ ಅದರ ಹೆಸರು. 20 ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಪದ ಹಾಕಿದರೆ ಆ ಪದ ಎಲ್ಲೆಲ್ಲಿ ಬಂದಿದೆ, ಯಾರ ವಚನದಲ್ಲಿ ಬಂದಿದೆ ಅಂತ ತೋರಿಸುತ್ತದೆ. ಜಾಗ ಸಿಕ್ಕಿತು, ಸರಿ. ಆದರೆ ಗಿರಾಕಿ ಎದುರಿಗೆ ನಿಂತಿರುವಾಗ ಆ ಸೈಟು ತೆಗೆದು, ಅದರ ಹುಡುಕು ಪೆಟ್ಟಿಗೆ ಕಂಡುಹಿಡಿದು, ಕ್ಲಿಕ್ ಮಾಡಿ, ಟೈಪ್ ಮಾಡುವಷ್ಟು ಪುರುಸೊತ್ತು ಯಾರಿಗಿದೆ? ಒಂದು ವಾರ ಮಾಡಿದೆ. ಆಮೇಲೆ ಕೈ ತಾನಾಗಿಯೇ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗತೊಡಗಿತು.

ಆಗ ಬಂದವನು ನನ್ನ ಅಕ್ಕನ ಮಗ. ಬೀದರದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ನನ್ನ ಪಾಡು ಕೇಳಿ ನಕ್ಕ. 'ಮೌಶಿ, ಬ್ಯಾಂಗ್ ಅಂತ ಒಂದು ಅದ, ಗೊತ್ತೇನು?'

ಡಕ್‌ಡಕ್‌ಗೋ ಎಂಬ ಹುಡುಕುವ ಯಂತ್ರದ ಹೆಸರು ಕೇಳಿರಬಹುದು. ಗೇಬ್ರಿಯಲ್ ವೈನ್‌ಬರ್ಗ್ ಎಂಬವರು 2008ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ್ದು. ಅದರಲ್ಲಿ ಒಂದು ಮಜಾ ಇದೆ. ಮೊದಲು ಆಶ್ಚರ್ಯದ ಗುರುತು, ಅಂದರೆ ! ಹಾಕಬೇಕು. ಅದಕ್ಕೆ ಅಂಟಿಸಿ ಇಂಗ್ಲಿಷಿನ ಡಬ್ಲ್ಯೂ. ಆಮೇಲೆ ಜಾಗ ಬಿಟ್ಟು ಬೇಕಾದ ಪದ. ಎಂಟರ್ ಒತ್ತಿದರೆ ಫಲಿತಾಂಶದ ಪುಟ ಬರುವುದೇ ಇಲ್ಲ, ನೇರ ವಿಕಿಪೀಡಿಯದೊಳಗೆ ಹೋಗಿ ಹುಡುಕುತ್ತದೆ. ಡಬ್ಲ್ಯೂ ಬದಲು ವೈಟಿ ಹಾಕಿದರೆ ಯೂಟ್ಯೂಬ್. ಜಿ ಹಾಕಿದರೆ ಗೂಗಲ್, ಅಂದರೆ ಎದುರಾಳಿ ಅಂಗಡಿಗೂ ತಾನೇ ದಾರಿ ತೋರಿಸುತ್ತದೆ. ಪ್ರೋಗ್ರಾಮ್ ಬರೆಯುವವರ ಆಡುಮಾತಿನಲ್ಲಿ ಆ ಗುರುತಿಗೆ ಬ್ಯಾಂಗ್ ಅಂತ ಹೆಸರು. ಇಂಥವು 13 ಸಾವಿರಕ್ಕೂ ಹೆಚ್ಚು ಇವೆ. ಗುರುತನ್ನು ಪದದ ಮುಂದೆ ಹಾಕಿದರೂ ನಡೆಯುತ್ತದೆ, ಹಿಂದೆ ಹಾಕಿದರೂ ನಡೆಯುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ನೀವು ಬರೆದದ್ದು ಮೊದಲು ಡಕ್‌ಡಕ್‌ಗೋಗೆ ಹೋಗಿ, ಅಲ್ಲಿಂದ ಆ ಸೈಟಿಗೆ ದಾಟುತ್ತದೆ. ದಾಟಿದ ಮೇಲೆ ಆ ಸೈಟಿನ ಮನೆ, ಆ ಸೈಟಿನ ರೀತಿ. ನಿಮ್ಮ ಗುರುತು ಅದು ಇಟ್ಟುಕೊಂಡರೆ ಇಟ್ಟುಕೊಳ್ಳುತ್ತದೆ.

ಎರಡು ದಿನ ನನಗೆ ಇದರದೇ ಹುಚ್ಚು. ಮೂರನೇ ದಿನ ಬೇಸರ ಬಂತು. ಕಾರಣ ಕೇಳಿದರೆ ನಗುತ್ತೀರಿ. ಸ್ಕ್ರಾಲ್ ಲಾಕ್.

ನನ್ನದು ನುಡಿ ತಂತ್ರಾಂಶ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಲು ಸ್ಕ್ರಾಲ್ ಲಾಕ್ ಕೀಲಿ ಒತ್ತಬೇಕು. ಬ್ಯಾಂಗ್ ಎಲ್ಲ ಇಂಗ್ಲಿಷಿನಲ್ಲಿ, ನಾನು ಹುಡುಕುವ ಪದ ಕನ್ನಡದಲ್ಲಿ. ಸ್ಕ್ರಾಲ್ ಲಾಕ್ ಒತ್ತು, ಗುರುತು ಹಾಕು, ಅಕ್ಷರ ಹಾಕು, ಮತ್ತೆ ಸ್ಕ್ರಾಲ್ ಲಾಕ್ ಒತ್ತು, ಪದ ಬರೆ. ನಡುವೆ ಕೀಬೋರ್ಡಿನ ದೀಪ ಹತ್ತಿದೆಯೋ ಆರಿದೆಯೋ ಅಂತ ಬಗ್ಗಿ ನೋಡು. ಇಷ್ಟು ಮಾಡುವಷ್ಟರಲ್ಲಿ ಎದುರಿಗಿದ್ದ ಗಿರಾಕಿ ಚಾ ಕುಡಿದು ಬಂದಿರುತ್ತಾನೆ. ನಮ್ಮ ಕೆಲಸದವರಿಗೆ ಇನ್ನೊಂದು ತಾಪತ್ರಯವೂ ಇದೆ. ಪುಟ ಕೂಡಿಸುವ ಪೇಜ್‌ಮೇಕರಿನಲ್ಲಿ ಬರೆದ ಹಳೇ ನುಡಿ ಅಕ್ಷರ ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಸಂಕೇತದಲ್ಲಿಲ್ಲ. ಅಲ್ಲಿಂದ ಕಾಪಿ ಮಾಡಿ ಹುಡುಕು ಪೆಟ್ಟಿಗೆಗೆ ಹಾಕಿದರೆ, ತಲೆ ಮೇಲೆ ಟೊಪ್ಪಿಗೆ ಇಟ್ಟ ಯುರೋಪಿನ ಅಕ್ಷರಗಳ ಸಂತೆ ನೆರೆಯುತ್ತದೆ. ಅದನ್ನು ಕನ್ವರ್ಟ್ ಮಾಡಬೇಕು, ಇಲ್ಲವೇ ಹೊಸದಾಗಿ ಟೈಪ್ ಮಾಡಬೇಕು.

'ಕಮಾಂಡ್ ಕನ್ನಡದಾಗೇ ಇದ್ರ ಛಲೋ ಇತ್ತಲ್ಲೋ' ಅಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಬ್ರೌಸರಿನಾಗೇ ಮಾಡಬಹುದು ಮೌಶಿ' ಅಂದ.

ಮಾಡಿದೆವು. ಇದು ಬ್ಯಾಂಗ್‌ಗಿಂತ ಹಳೇ ವಿದ್ಯೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಯಾವ ಬುಕ್‌ಮಾರ್ಕಿಗೆ, ಅಂದರೆ ಉಳಿಸಿಟ್ಟ ವಿಳಾಸಕ್ಕೆ ಬೇಕಾದರೂ ಒಂದು ಕೀವರ್ಡ್, ಅಂದರೆ ಕರೆಯುವ ಸಣ್ಣ ಹೆಸರು ಕೊಡಬಹುದು. ಕ್ರೋಮ್‌ನಲ್ಲೂ ಸೆಟ್ಟಿಂಗ್ಸ್ ಒಳಗೆ ಸೈಟ್ ಸರ್ಚ್ ಅಂತ ಇದೆ, ಅದೇ ಕೆಲಸ. ಮೊದಲು ನಿಮಗೆ ಬೇಕಾದ ಸೈಟಿನಲ್ಲಿ ಏನೋ ಒಂದು ಪದ ಹುಡುಕಿ. ಅಡ್ರೆಸ್ ಬಾರ್ ನೋಡಿದರೆ ಆ ಪದ ವಿಳಾಸದೊಳಗೆ ಎಲ್ಲೋ ಕೂತಿರುತ್ತದೆ. ಅದನ್ನು ಎತ್ತಿ ಹಾಕಿ, ಆ ಜಾಗದಲ್ಲಿ % ಗುರುತು, ಪಕ್ಕಕ್ಕೆ ಇಂಗ್ಲಿಷಿನ ಸಣ್ಣ ಎಸ್ ಇಡಿ. ಸಿ ಭಾಷೆ ಕಲಿತವರಿಗೆ ಇದು ಹಳೇ ಪರಿಚಯ: 'ಇಲ್ಲಿ ಬರುವ ಪದಕ್ಕೆ ಜಾಗ ಕಾಯ್ದಿಟ್ಟಿದೆ' ಅಂತ ಅರ್ಥ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಆಮೇಲೆ ಆ ವಿಳಾಸವನ್ನು ಬುಕ್‌ಮಾರ್ಕ್ ಮಾಡಿ, ಅದಕ್ಕೆ ಕೀವರ್ಡ್ ಕೊಡಿ. ನಾನು ಕೊಟ್ಟದ್ದು ವ. ಒಂದೇ ಅಕ್ಷರ. ಕನ್ನಡದ ವ.

ಅಡ್ರೆಸ್ ಬಾರಿನಲ್ಲಿ ವ ಅಂತ ಒತ್ತಿ, ಸ್ಪೇಸ್ ಕೊಟ್ಟು, ರಾಮನಾಥ ಅಂತ ಬರೆದು ಎಂಟರ್ ಹೊಡೆದೆ. ದಾಸಿಮಯ್ಯ ಪ್ರತ್ಯಕ್ಷ. ಸ್ಕ್ರಾಲ್ ಲಾಕ್ ಮುಟ್ಟಿರಲಿಲ್ಲ.

ಈ ವಿಳಾಸಗಳನ್ನು ಕಾಪಿ ಮಾಡುವಾಗ ಒಂದು ವಿಚಿತ್ರ ಕಂಡಿತು. ಅಡ್ರೆಸ್ ಬಾರಿನಲ್ಲಿ ಚಂದ ಕಾಣುವ ಕನ್ನಡ, ಬೇರೆ ಕಡೆ ಪೇಸ್ಟ್ ಮಾಡಿದರೆ ಶೇಕಡಾ ಗುರುತುಗಳ ಉದ್ದ ಮೆರವಣಿಗೆ ಆಗುತ್ತದೆ. ಒಂದು ಕನ್ನಡ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಮೂರು ಬೈಟು. ವಿಳಾಸದಲ್ಲಿ ಒಂದೊಂದು ಬೈಟಿಗೂ ಒಂದು ಶೇಕಡಾ ಗುರುತು, ಎರಡು ಅಂಕಿಯೋ ಅಕ್ಷರವೋ. ಒಟ್ಟು ಒಂಬತ್ತು. ಕೊಂಬು, ಗುಡಿಸುಗಳೂ ಬೇರೆ ಬೇರೆ ಲೆಕ್ಕ. ಕಲಬುರಗಿ ಅಂತ ಬರೆದರೆ ಏಳು ತುಂಡು, ಏಳೊಂಬತ್ಲೆ 63. ಮಾಸ್ತರಿಗೆ ಇದನ್ನು ಹೇಳಿದಾಗ, 'ನೋಡವ್ವ, ಅರವತ್ಮೂರು ಪುರಾತನರು ನಮ್ಮೂರ ಹೆಸರಾಗೇ ಕುಂತಾರ' ಅಂದರು. ಕಂಪ್ಯೂಟರ್ ಬಗ್ಗೆ ಅವರಿಗೆ ಖುಷಿ ಕೊಟ್ಟ ಮೊದಲ ವಿಷಯ ಇದೇ ಇರಬೇಕು.

ಈ ತರದ ಹುಚ್ಚು ನಮಗೊಬ್ಬರಿಗೇ ಬಂದದ್ದಲ್ಲ. 2000ದಲ್ಲೇ ಜೂಲಿಯನ್ ಅಸಾಂಜ್ ಸರ್ಫ್‌ರಾ ಅಂತ ಒಂದು ಪ್ರೋಗ್ರಾಮ್ ಬರೆದಿದ್ದರು. ಹೌದು, ಮುಂದೆ ವಿಕಿಲೀಕ್ಸ್ ಮಾಡಿದ ಅದೇ ಅಸಾಂಜ್. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಬೇಕಾದ ಸೈಟಿನಲ್ಲಿ ಹುಡುಕುವ ಏರ್ಪಾಡು. 2005ರಲ್ಲಿ ಜೊನಾಥನ್ ಅಕೀನೋ ಎಂಬ ಕೆನಡಾದವರು ಯಬ್‌ನಬ್ ಮಾಡಿದರು. ಒಂದೇ ದಿನದೊಳಗೆ ಪ್ರೋಗ್ರಾಮ್ ಬರೆದು ಮುಗಿಸುವ ಒಂದು ಸ್ಪರ್ಧೆಗಾಗಿ. ಅದರಲ್ಲಿ ಯಾರು ಬೇಕಾದರೂ ಹೊಸ ಕಮಾಂಡ್ ಸೇರಿಸಬಹುದಿತ್ತು. ಇವರೆಲ್ಲ ನನ್ನ ಹಾಗೇ ಸೋಮಾರಿಗಳಿರಬೇಕು ಅನ್ನಿಸಿ ಸಮಾಧಾನವಾಯಿತು.

ಅಕ್ಷರ ಹಂಚುವುದು ಮಾತ್ರ ಸುಲಭವಿರಲಿಲ್ಲ. ವ ವಚನಕ್ಕೆ ಹೋಯಿತು, ಹಾಗಾಗಿ ವಿಕಿಪೀಡಿಯಕ್ಕೆ ವಿ. ನಿಘಂಟಿಗೂ ನ, ನಕ್ಷೆಗೂ ನ. ಎರಡು ದಿನ ನಿ ಮತ್ತು ನಕ್ ಅಂತೆಲ್ಲ ಇಟ್ಟು ನೋಡಿದೆ. ಬೆರಳಿಗೆ ಹಿಡಿಸಲಿಲ್ಲ. ಕೊನೆಗೆ ನಿಘಂಟಿಗೆ ಅ ಕೊಟ್ಟೆ, ಯಾಕೆಂದರೆ ನಾನು ನೋಡುವ ನಿಘಂಟಿನ ಹೆಸರು ಅಲರ್. ವಿ. ಕೃಷ್ಣ ಎಂಬವರು ಸುಮಾರು 40 ವರ್ಷ ಕೂತು ಒಬ್ಬರೇ ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳು. 2019ರಲ್ಲಿ ಅಂತರ್ಜಾಲಕ್ಕೆ ಬಂತು, ಎಲ್ಲರಿಗೂ ಪುಕ್ಕಟೆ. ಒಬ್ಬ ಮನುಷ್ಯ 40 ವರ್ಷ ಕೂಡಿಸಿದ್ದನ್ನು ನಾನು ಒಂದು ಅ ಮತ್ತು ಒಂದು ಸ್ಪೇಸ್‌ನಲ್ಲಿ ತೆಗೆಯುತ್ತೇನೆ. ಹೀಗೆ ತೆಗೆಯುವಾಗ ಕೆಲವೊಮ್ಮೆ ನಾಚಿಕೆಯಾಗುತ್ತದೆ.

ನಕ್ಷೆಗೆ ಭೂ. ಇದರ ಬೆಲೆ ಗೊತ್ತಾದದ್ದು ಒಂದು ಲಗ್ನಪತ್ರಿಕೆಯಲ್ಲಿ. ಈಗ ಕಾರ್ಡಿನ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿಸುತ್ತಾರಲ್ಲ, ಮೊಬೈಲ್ ಹಿಡಿದರೆ ಕಲ್ಯಾಣ ಮಂಟಪದ ದಾರಿ ತೋರಿಸುವಂಥದ್ದು. ಮದುವೆ ಕಮಲಾಪುರದಲ್ಲಿ. ನಮ್ಮ ಕಮಲಾಪುರ, ಹುಮನಾಬಾದ್ ರಸ್ತೆಯಲ್ಲಿ, ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಊರ ಹೆಸರು ಹಾಕಿ ಹುಡುಕಿದರೆ ಮೊದಲು ಬಂದದ್ದು ಹಂಪಿ ಪಕ್ಕದ ಕಮಲಾಪುರ. ನಾನು ಅವಸರದಲ್ಲಿ ಅದನ್ನೇ ಹಾಕಿದ್ದರೆ ಬೀಗರ ದಿಬ್ಬಣ ವಿಜಯನಗರ ಜಿಲ್ಲೆಗೆ ಹೋಗಿ ಅಕ್ಷತೆ ಹಾಕಬೇಕಿತ್ತು! ಈ ಸಲ ಪ್ರೂಫ್ ಹಂತದಲ್ಲೇ ಕಣ್ಣಿಗೆ ಬಿತ್ತು. ಈಗ ಭೂ ಹಿಂದೆ ಇರುವ ವಿಳಾಸದಲ್ಲೇ ಕಲಬುರಗಿ ಜಿಲ್ಲೆ ಅಂತ ಖಾಯಂ ಬರೆದಿಟ್ಟಿದ್ದೇನೆ. ನಾನು ಊರ ಹೆಸರು ಮಾತ್ರ ಹೊಡೆದರೆ ಸಾಕು, ಜಿಲ್ಲೆ ತಾನೇ ಸೇರಿಕೊಳ್ಳುತ್ತದೆ.

ಬ್ಯಾಂಗ್‌ನಲ್ಲಿ ಇಲ್ಲದ ಸುಖ ಇದು. ಬ್ಯಾಂಗ್ ಊರಿಗೆಲ್ಲ ಹೊಲಿದಿಟ್ಟ ರೆಡಿಮೇಡ್ ಅಂಗಿ. ಇದು ನಮ್ಮ ಅಳತೆಗೆ ಹೊಲಿಸಿದ್ದು. ಕಲಬುರಗಿಯವರಿಗೆ ಇದು ಜಾಸ್ತಿ ಉಪಯೋಗ, ಯಾಕೆಂದರೆ ನಮ್ಮ ಊರಿಗೇ ಎರಡು ಹೆಸರು. 2014ರ ನವೆಂಬರ್ 1ರಂದು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಆದರೆ 1980ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇವತ್ತಿಗೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ. ಯಾದಗಿರಿ ಬೇರೆ ಜಿಲ್ಲೆಯಾಗುವ ಮುಂಚಿನ ಕಾಗದದಲ್ಲಿ ಸುರಪುರ, ಶಹಾಪುರಗಳೂ ಗುಲ್ಬರ್ಗಾದೊಳಗೇ ಇವೆ. ಒಂದು ಹೆಸರಿನಲ್ಲಿ ಹುಡುಕಿದರೆ ಅರ್ಧ ಊರು ಮಾಯ. ಅದಕ್ಕೇ ಊ ಅಂತ ಒಂದು ಕೀವರ್ಡ್ ಮಾಡಿದ್ದೇನೆ. ಅದರ ವಿಳಾಸದಲ್ಲಿ ಎರಡೂ ಹೆಸರು ಇವೆ, ನಡುವೆ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಆರ್, ಅಂದರೆ ಅಥವಾ. ಇದೋ ಅದೋ, ಯಾವುದಿದ್ದರೂ ತಾ ಅಂತ ಹುಡುಕುವ ಯಂತ್ರಕ್ಕೆ ಹೇಳಿದ ಹಾಗೆ.

ಸ ಅಂದರೆ ಸರ್ಕಾರ. ಇದು ಅರ್ಜಿ ಕೆಲಸಕ್ಕೆ. ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371 ಜೆ ಪ್ರಮಾಣಪತ್ರ, ಜಾತಿ ಆದಾಯ, ಅದು ಇದು ಅಂತ ಹುಡುಕಿದರೆ ಸರ್ಕಾರದ ಸೈಟಿನ ವೇಷ ಹಾಕಿದ ಖಾಸಗಿ ಪುಟಗಳೇ ಮೊದಲು ಬರುತ್ತವೆ. ಲಾಂಛನದಂಥ ಚಿತ್ರ, ಕೆಂಪು ಬಟನ್, ಒತ್ತಿದರೆ ಮೊಬೈಲ್ ನಂಬರ್ ಕೇಳುತ್ತದೆ. ನನ್ನ ಸ ಕರ್ನಾಟಕ ಸರ್ಕಾರದ ವಿಳಾಸದ ಬಾಲ ಇರುವ ಪುಟಗಳೊಳಗೆ ಮಾತ್ರ ಹುಡುಕುತ್ತದೆ. ಫಲಿತಾಂಶ ಕಡಿಮೆ ಬರುತ್ತವೆ. ಬಂದಷ್ಟು ಸಾಕು.

ಇಷ್ಟೆಲ್ಲ ಮಾಡಿಕೊಂಡು ಮೆರೆಯುತ್ತಿದ್ದಾಗ ಒಂದು ದಿನ ಕಂಪ್ಯೂಟರ್ ಕೂತಿತು. ರಿಪೇರಿ ಹುಡುಗ ಬಂದು ವಿಂಡೋಸ್ ಹೊಸದಾಗಿ ಹಾಕಿಕೊಟ್ಟ. ಫೈಲುಗಳನ್ನು ಉಳಿಸಿದ್ದ ಪುಣ್ಯಾತ್ಮ, ಬುಕ್‌ಮಾರ್ಕ್ ಉಳಿಸಿರಲಿಲ್ಲ. ನಾನೂ ಹೇಳಿರಲಿಲ್ಲ. ಎಲ್ಲ ಅಕ್ಷರಗಳೂ ಹೋದವು. ಬೆರಳಿಗೆ ಅದು ಗೊತ್ತಿಲ್ಲವಲ್ಲ. ಮರುದಿನ ಅಭ್ಯಾಸಬಲದಿಂದ ವ ರಾಮನಾಥ ಅಂತ ಹೊಡೆದೆ. ಕೀವರ್ಡ್ ಇಲ್ಲದ್ದಕ್ಕೆ ಬ್ರೌಸರ್ ಅದನ್ನು ಹಾಗೇ ತೆಗೆದುಕೊಂಡು ಹೋಗಿ ಸಾಮಾನ್ಯ ಹುಡುಕಾಟಕ್ಕೆ ಹಾಕಿತು. ರಾಮನಾಥ್ ಎಂಬ ವಕೀಲರು, ರಾಮನಾಥ್ ಎಂಬ ಡಾಕ್ಟರು, ಸಾಲಾಗಿ ಬಂದು ನಿಂತರು. ಮತ್ತೆ ಬಸ್ ಸ್ಟ್ಯಾಂಡು.

ಬ್ಯಾಂಗ್‌ಗೆ ಈ ಗತಿ ಬರುವುದಿಲ್ಲ, ಒಪ್ಪಿಕೊಳ್ಳಬೇಕು. ಅದು ಇರುವುದು ಅವರ ಸರ್ವರಿನಲ್ಲಿ. ನನ್ನ ಮೊಬೈಲಿನಲ್ಲೂ ನಡೆಯುತ್ತದೆ, ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ನನ್ನ ವ, ಅ, ಭೂ ಆ ಒಂದೇ ಮಷಿನ್‌ನಲ್ಲಿ. ಈಗ ತಿಂಗಳಿಗೊಮ್ಮೆ ಬುಕ್‌ಮಾರ್ಕುಗಳನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಡುತ್ತೇನೆ. ಫೈರ್‌ಫಾಕ್ಸ್ ಕೀವರ್ಡ್ ಸಮೇತ ಬರೆದುಕೊಡುತ್ತದೆ.

ಈ ಅಕ್ಷರಗಳ ಜೊತೆ ವರ್ಷ ಕಳೆದ ಮೇಲೆ ಒಂದು ವಿಷಯ ಗಮನಕ್ಕೆ ಬಂದಿದೆ. ಮೊದಲು ನಾನು ಪದ ಬರೆದು, ಬಂದ ಉತ್ತರ ನೋಡಿ, ಇದು ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸುತ್ತಿದ್ದೆ. ಎಷ್ಟೋ ಸಲ ಅದನ್ನೂ ಯೋಚಿಸುತ್ತಿರಲಿಲ್ಲ. ಈಗ ಮೊದಲ ಅಕ್ಷರ ಒತ್ತುವಾಗಲೇ ಕೈ ಒಂದು ಕ್ಷಣ ನಿಲ್ಲುತ್ತದೆ. ಇದು ವ ಕೆಲಸವೋ, ಅ ಕೆಲಸವೋ, ಸ ಕೆಲಸವೋ? ಕೆಲವೊಮ್ಮೆ ಯಾವ ಅಕ್ಷರವೂ ಹೊಂದುವುದಿಲ್ಲ. ಹೋದ ತಿಂಗಳು ಒಬ್ಬರು ಹಳೇ ಕ್ರಯಪತ್ರ ತಂದು ಟೈಪ್ ಮಾಡಿಕೊಡಿ ಅಂದರು. ನಿಜಾಮರ ಕಾಲದ ಉರ್ದು ಪದಗಳನ್ನು ಕನ್ನಡ ಲಿಪಿಯಲ್ಲಿ ಯಾರೋ ಕಾರಕೂನ ಗೀಚಿದ್ದ. ಅ ಒತ್ತಿದೆ, ಇಲ್ಲ. ವಿ ಒತ್ತಿದೆ, ಇಲ್ಲ. ಬಸ್ ಸ್ಟ್ಯಾಂಡಿಗೂ ಹೋಗಿ ಬಂದೆ. ಕೊನೆಗೆ ಕಾರ್ಡಿನ ಫೋಟೋ ತೆಗೆದು ಕಳಿಸುವ ಹಾಗೆ ಆ ಪದದ ಫೋಟೋ ತೆಗೆದು ಮಾಸ್ತರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು, ಜೊತೆಗೆ ಅವರ ಅಜ್ಜನ ಹೊಲದ ಜಗಳದ ಕಥೆಯೂ ಬಂತು.

ಅಕ್ಕನ ಮಗ ದೀಪಾವಳಿಗೆ ಬಂದಾಗ ಇದನ್ನು ಹೇಳಿದೆ. 'ಅದಕ್ಕೂ ಕೀವರ್ಡ್ ಮಾಡೋಣು ಮೌಶಿ' ಅಂದ. ತಮಾಷೆ ಅಂದುಕೊಂಡೆ. ವಾಟ್ಸಾಪ್‌ಗೆ ಅಂಥ ಒಂದು ಲಿಂಕ್ ಇದೆಯಂತೆ. ವಿಳಾಸದಲ್ಲಿ ಫೋನ್ ನಂಬರ್, ಅದರ ಮುಂದೆ ಕಳಿಸಬೇಕಾದ ಮಾತು. ಆ ಮಾತಿನ ಜಾಗದಲ್ಲಿ ಅದೇ ಶೇಕಡಾ ಗುರುತು, ಅದೇ ಸಣ್ಣ ಎಸ್. ಮಾ ಅಂತ ಕೀವರ್ಡ್ ಕೊಟ್ಟ.

ಈಗ ಅಡ್ರೆಸ್ ಬಾರಿನಲ್ಲಿ ಮಾ ಒತ್ತಿ, ಸ್ಪೇಸ್ ಕೊಟ್ಟು ಪದ ಬರೆದರೆ, ವಾಟ್ಸಾಪ್ ತೆರೆದು ಆ ಪದ ಮಾಸ್ತರ ಹೆಸರಿನ ಕೆಳಗೆ ತಯಾರಾಗಿ ನಿಂತಿರುತ್ತದೆ. ಕಳಿಸು ಅಂತ ಒತ್ತಿದರೆ ಆಯಿತು. ನಿನ್ನೆ ಒಂದು ಪದ ಕಳಿಸಿದೆ. ಎರಡು ಗಂಟೆ ಕಾದೆ. ಉತ್ತರ ಬಂತು:

'ಊಟಕ್ಕ ಕುಂತೀನಿ. ಅಲ್ಲಿತನ ಆ ಅಲರ್‌ನಾಗ ನೋಡಿರು.'